ಝಾಡಿಸದ ಚೀಲ

ಹೇಮಪ್ಪ ಬಾಗಿಲಿಗೆ ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುತ್ತಿದ್ದ. ಓಣಿಯ ಮೂಲೆಯ ತನಕ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಟಿಕೆಟಿನ ಮೇಲೆ ತಾರೀಖು ಸರಿಯಾಗಿದೆಯೋ ಎಂದು ಓದುತ್ತಿದ್ದ. ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ಎತ್ತುತ್ತಿದ್ದ. ರಾಣೆಬೆನ್ನೂರಿನಲ್ಲಿ ಗೊತ್ತಿದ್ದವರೆಲ್ಲ ಅವನನ್ನು ಬೆನ್ನ ಹಿಂದೆ ಸಂಶಯದ ಹೇಮಪ್ಪ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುತ್ತಾರೆಂಬ ಸಂಶಯ ಅವನಿಗೂ ಇತ್ತು.

ಅವನ ಹೆಂಡತಿ ನಾಗರತ್ನಾ ನಗುತ್ತಲೇ ಹೇಳುತ್ತಿದ್ದಳು: “ನನ್ನ ನೋಡಾಕ ಬಂದಾಗ ಚಾ ಕುಡಿಯೂ ಮೊದ್ಲ ಕಪ್ಪು-ಬಸಿ ತಿರುವಿ ನೋಡಿದ್ರವ್ವಾ ಇವರು. ಅವತ್ತ ನಾ ಒಳಗ ಎದ್ದ ಹೋಗಬೇಕಿತ್ತು.”

ಈ ಸ್ವಭಾವ ಅವನಿಗೆ ಕಸುಬಿನಿಂದ ಅಂಟಿದ್ದು. ಊರು ದೇವರಗುಡ್ಡದ ಕಡೆ. ಡಿಪ್ಲೊಮಾ ಮುಗಿಸಿ ಮೊದಲ ಹತ್ತು ವರ್ಷ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡಿದ. ತಕ್ಕಡಿ ರಿಪೇರಿಯವನ ಪಾಡು ಏನೆಂದರೆ, ಮಾರುವವನು ಕಡಿಮೆ ತೋರಿಸುತ್ತದೆ ಎನ್ನುತ್ತಾನೆ, ಕೊಳ್ಳುವವನು ಹೆಚ್ಚು ತೋರಿಸುತ್ತದೆ ಎನ್ನುತ್ತಾನೆ, ಇಬ್ಬರೂ ಇವನ ಮುಖ ನೋಡುತ್ತಾರೆ. ಆಮೇಲೆ ಹಾವೇರಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ದಿನಾ ಬಸ್ಸಿನಲ್ಲಿ ಹೋಗಿ, ಝೆರಾಕ್ಸ್ ಮಾಡಿಸಿದ ಪುಸ್ತಕ ಹಿಡಿದು ಸಿ ಭಾಷೆ ಕಲಿತ. ಆ ಭಾಷೆಯಲ್ಲಿ ಎಲ್ಲವನ್ನೂ ಬರೆಯುವವನೇ ನೋಡಿಕೊಳ್ಳಬೇಕು, ನಡುವೆ ಯಾರೂ ಕೈಹಾಕುವುದಿಲ್ಲ. ಹೇಮಪ್ಪನಿಗೆ ಅದು ಬಹಳ ಹಿಡಿಸಿತು. ಜಗತ್ತಿನಲ್ಲಿ ಅವನು ಸಂಶಯಪಡದೆ ಇದ್ದ ವಸ್ತು ಒಂದೇ, ತಾನು ಬರೆದ ಪ್ರೋಗ್ರಾಂ.

ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಬೀಜದ ಅಂಗಡಿಯ ಮಾಳಿಗೆ ಮೇಲೆ ಅವನ ಕೋಣೆ. ಮೊದಲು ಒಂದು ಬೀಜದ ಕಂಪನಿಯ ಗೋದಾಮಿಗೆ ಸರ್ವರ್ ಬರೆದುಕೊಟ್ಟ. ಸರ್ವರ್ ಎಂದರೆ ಇಲ್ಲಿ ದೊಡ್ಡ ಮಾತೇನಲ್ಲ. ಗೇಟಿನ ಕಂಪ್ಯೂಟರಿನಲ್ಲಿ ಲಾಟಿನ, ಅಂದರೆ ಒಬ್ಬರು ಒಮ್ಮೆಗೆ ತಂದ ಮಾಲಿನ, ನಂಬರು, ಹೆಸರು, ಮಾಲು ಹೇಗಿದೆಯೆಂಬ ಷರಾ ಹೊಡೆದರೆ ಅದನ್ನು ತೆಗೆದುಕೊಂಡು ಇಟ್ಟು, ಒಳಗಿನ ಗೇಟಿನಲ್ಲಿ ಚೀಟಿ ಮುದ್ರಿಸಿ ಕೊಡುವ ಪ್ರೋಗ್ರಾಂ. ಅದು ಒಂದೂ ತಪ್ಪಿಲ್ಲದೆ ಆರು ವರ್ಷ ಓಡಿತು. ಆಮೇಲೆ ಒಂದು ಜನವರಿಯಲ್ಲಿ ಅದನ್ನೇ ನಾಲ್ಕು ಮಾತು ಬದಲಿಸಿ ಬ್ಯಾಡಗಿಯ ಪ್ರೇಮಕುಮಾರನ ಕೋಲ್ಡ್ ಸ್ಟೋರೇಜಿಗೆ ಹಾಕಿದ. ಆರು ವರ್ಷ ಓಡಿದ್ದನ್ನು ಏನು ನೋಡುವುದಿದೆ ಎಂದು ಸುಮ್ಮನಾದ. ಬೀಗವನ್ನು ನಾಲ್ಕು ಸಲ ಜಗ್ಗುವ ಮನುಷ್ಯ ಇದನ್ನು ಒಂದು ಸಲವೂ ಜಗ್ಗಲಿಲ್ಲ ನೋಡಿ.

ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಬರುವುದು ಹೀಗೆ. ಹೊರಗಿನ ಗೇಟಿನಲ್ಲಿ ಹಮಾಲರ ಮುಖ್ಯಸ್ಥ ನಬಿಸಾಬ ಚೀಲದೊಳಗೆ ಮೊಳಕೈ ತನಕ ಕೈ ತೂರಿ ಒಂದು ಹಿಡಿ ಕಾಯಿ ತೆಗೆಯುತ್ತಾನೆ, ಮುಷ್ಟಿ ಬಿಗಿದು ಕಿವಿಯ ಹತ್ತಿರ ಹಿಡಿಯುತ್ತಾನೆ. ಗರಗರ ಸಪ್ಪಳ ಬಂದರೆ ಒಣಗಿದ ಮಾಲು. ಬರದಿದ್ದರೆ “ಹಸಿ!” ಎಂದು ಕೂಗುತ್ತಾನೆ. ಪಕ್ಕದ ಕಿಟಕಿಯೊಳಗೆ ಕಂಪ್ಯೂಟರಿನ ಮುಂದೆ ಕುಳಿತ ಗಂಗಾ ಷರಾದ ಖಾನೆಯಲ್ಲಿ ‘ಹಸಿ’ ಆರಿಸಿ ಒತ್ತುತ್ತಾಳೆ. ಹಸಿ ಎಂದಾದರೆ ಮಾಲು ಒಳಗೆ ಹೋಗುವುದಿಲ್ಲ. ಒಳಗಿನ ಗೇಟಿನಲ್ಲಿ ಚೀಟಿ ನೋಡಿ ಹಮಾಲರು ಅದನ್ನು ಅಂಗಳಕ್ಕೆ ತಿರುಗಿಸುತ್ತಾರೆ, ರೈತನ ಹೆಸರು ಕರಿಹಲಗೆಯ ಮೇಲೆ ಏರುತ್ತದೆ. ಆ ಹಲಗೆಯ ಮೇಲೆ ಹೆಸರು ಬಂತೆಂದರೆ ತೂಕಕ್ಕೆ ನೀರು ಹೊಡೆದವ ಎಂದೇ ಅರ್ಥ. ಊರಿಗೆ ಮಾಲಿಗಿಂತ ಮೊದಲು ಆ ಸುದ್ದಿ ಮುಟ್ಟುತ್ತದೆ.

ಇನ್ನು ಒಳ್ಳೆಯ ಮಾಲು ಬಂದರೆ? ನಬಿಸಾಬ ಬಾಯಿ ಬಿಡುವುದಿಲ್ಲ. ಚೀಲವನ್ನು ಎರಡು ಸಲ ತಟ್ಟಿ ಮುಂದೆ ಹೋಗುತ್ತಾನೆ. ಒಳ್ಳೆಯ ಮಾಲನ್ನು ಬಾಯಿಬಿಟ್ಟು ಹೊಗಳಿದರೆ ದೃಷ್ಟಿ ತಾಗುತ್ತದೆ, ಚೀಲದೊಳಗೇ ಬೂಜು ಹಿಡಿಯುತ್ತದೆ ಎಂದು ಅವನ ಅಪ್ಪನ ಕಾಲದಿಂದ ಬಂದ ನಂಬಿಕೆ. ರೈತರಿಗೂ ಅದೇ ಬೇಕು. ಹಾಗಾಗಿ ಗಂಗಾ ಕೂಡ ಷರಾದ ಖಾನೆಯನ್ನು ಖಾಲಿ ಬಿಟ್ಟು ಎಂಟರ್ ಒತ್ತುತ್ತಿದ್ದಳು.

ಮುಂದಿನ ತಿಂಗಳು, ಫೆಬ್ರುವರಿಯ ಒಂದು ಶುಕ್ರವಾರ, ಪ್ರೇಮಕುಮಾರ ಫೋನ್ ಮಾಡಿ ಹೇಮಪ್ಪನನ್ನು ಕರೆಸಿಕೊಂಡ. ಆಫೀಸಿನಲ್ಲಿ ಗುತ್ತಲದ ಉಡಚಪ್ಪ ಟವೆಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಂಡುತ್ತ ಕುಳಿತಿದ್ದ. ಅರವತ್ತು ದಾಟಿದ ರೈತ. ಅವನ ಡಬ್ಬಿ ಜಾತಿಯ ಮೆಣಸಿನಕಾಯಿ ಎಂದರೆ ಮಂದಿ ನಿಂತು ನೋಡುತ್ತಿದ್ದರು. ಅಂಥವನ ಹೆಸರು ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಹಲಗೆ ಏರಿತ್ತು.

“ನಲವತ್ತ ವರ್ಷ ಆತು ಹೇಮಪ್ಪ, ಒಂದ ಹನಿ ನೀರ ಹೊಡದಿಲ್ಲ ನಾ,” ಎಂದ ಉಡಚಪ್ಪ. “ಊರಾಗ ಹುಡುಗೂರು ಸೈತ ನಗಾಕತ್ತಾವ.”

ನಬಿಸಾಬನನ್ನು ಕರೆಸಿ ಕೇಳಿದರು. “ನಾ ಹಸಿ ಅಂದೇ ಇಲ್ರಿ ಸಾವ್ಕಾರ. ಅವರ ಚೀಲ ತಟ್ಟಿ ಮುಂದ ಹೋಗೇನಿ,” ಎಂದ ನಬಿಸಾಬ. ಅವನು ಅಂದಿಲ್ಲ, ಚೀಟಿಯ ಮೇಲೆ ಇದೆ. ನಡುವೆ ಇದ್ದವಳು ಗಂಗಾ ಒಬ್ಬಳೇ.

ಹೇಮಪ್ಪ ಕಂಪ್ಯೂಟರಿನ ಮುಂದೆ ಕುಳಿತ. ಇಟ್ಟ ದಾಖಲೆ ತೆಗೆದು ನೋಡಿದ. ಎರಡೂ ಸಲ ‘ಹಸಿ’ ಎಂಬ ಷರಾ, ಎರಡೂ ಸಲ ಗಂಗಾಳ ಲಾಗಿನ್. ಬೇರೆ ಊರಿನವರ ಮೂರು ಲಾಟುಗಳಿಗೂ ಹೀಗೇ ಆಗಿತ್ತೆಂದು ದೂರಿತ್ತು. ಅದು ಕಣ್ಣಿಗೆ ಮಣ್ಣೆರಚಲು ಮಾಡಿದ್ದು ಎಂದುಕೊಂಡ. ಬರೀ ಉಡಚಪ್ಪನ ಲಾಟಿಗೇ ಮಾಡಿದರೆ ಸಿಕ್ಕಿಬೀಳುತ್ತಾಳಲ್ಲ, ಅದಕ್ಕೇ ನಾಲ್ಕು ಮಂದಿಯ ನಡುವೆ ಸೇರಿಸಿದ್ದಾಳೆ. ಸಂಶಯದವನ ತಲೆಗೆ ಸಾಕ್ಷಿ ಇಲ್ಲದಿರುವುದೂ ಒಂದು ಸಾಕ್ಷಿಯೇ.

“ಆಕೀದು ಯಾವೂರು?” ಎಂದು ಕೇಳಿದ.

“ಗುತ್ತಲ,” ಎಂದ ಪ್ರೇಮಕುಮಾರ.

ಉಡಚಪ್ಪ ಟವೆಲ್ಲು ಹಿಂಡುವುದನ್ನು ನಿಲ್ಲಿಸಿದ. ಗಂಗಾಳ ಅಪ್ಪನ ಹೊಲ ಅವನ ಹೊಲಕ್ಕೆ ಹತ್ತಿದ್ದು. ನಡುವಿನ ಬದು ಯಾರದೆಂದು ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅಲ್ಲಿಗೆ ಎಲ್ಲ ತಾಳೆಯಾಯಿತು. ಹೇಮಪ್ಪ ತಾರೀಖು, ಹೊತ್ತು, ಲಾಗಿನ್ ಎಲ್ಲ ಬರೆದು ಕಾಗದ ಮುದ್ರಿಸಿ, ಕೆಳಗೆ ‘ಸರ್ವರಿನಲ್ಲಿ ದೋಷವಿಲ್ಲ’ ಎಂದು ಸಹಿ ಹಾಕಿ ಕೊಟ್ಟ.

“ಮುಂದಿನ ಗುರುವಾರ ಎಲ್ಲಾರ ಮುಂದ ಕೇಳಿ ಮುಗಿಸಿಬಿಡೂಣು,” ಎಂದ ಪ್ರೇಮಕುಮಾರ. “ಅವತ್ತಿಂದ ಆಕೀ ಬರೂದು ಬ್ಯಾಡ. ಅಲ್ಲೀತನಕ ಬಾಯಿ ಬಿಡಬ್ಯಾಡ್ರಿ.”

ಹೋಗುವಾಗ ಹೇಮಪ್ಪ ಕಿಟಕಿಯೊಳಗೆ ನೋಡಿದ. ಇಪ್ಪತ್ತಮೂರು-ಇಪ್ಪತ್ತನಾಲ್ಕರ ಹುಡುಗಿ, ಖಾರದ ಘಾಟಿಗೆ ಮೂಗಿನ ತನಕ ಓಢಣಿ ಕಟ್ಟಿಕೊಂಡಿದ್ದಳು. ಕಣ್ಣುಗಳಷ್ಟೇ ಕಾಣುತ್ತಿದ್ದವು. “ನಮಸ್ಕಾರ್ರಿ ಸರ್ರ,” ಎಂದಳು. ಎಷ್ಟು ಸಾದಾ ಇದ್ದಾಳೆ ನೋಡು, ಏನೂ ಗೊತ್ತಿಲ್ಲದವರ ಹಾಗೆ, ಎಂದುಕೊಂಡ ಹೇಮಪ್ಪ.

ಅವನಿಗೆ ಅಷ್ಟು ಸಾಲಲಿಲ್ಲ. ಕಣ್ಣಾರೆ ಹಿಡಿಯಬೇಕು ಎನಿಸಿತು. ಸೋಮವಾರ ಮುಂಜಾನೆಯ ಗಾಡಿಗೆ ಮತ್ತೆ ಬ್ಯಾಡಗಿಗೆ ಬಂದ. ಪೇಟೆಯ ದಿನ; ಸ್ಟೇಷನ್ನಿನಲ್ಲಿ ಇಳಿಯುತ್ತಲೇ ಸೀನು ಹತ್ತಿದವು. ಸರ್ವರಿಗೆ ಹೊಸದಾಗಿ ಎರಡು ಸಾಲು ಸೇರಿಸಿದ: ಗಂಗಾಳ ಕಂಪ್ಯೂಟರಿನಿಂದ ಬಂದದ್ದು ಬಂದ ಹಾಗೆಯೇ ಒಂದು ಕಡೆ ಬರೆದಿಡಬೇಕು. ಆಮೇಲೆ ಏನೋ ರಿಪೇರಿಯ ನೆಪ ಹೇಳಿ ಅವಳ ಹಿಂದೆ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತ. ಅವಳ ಬೆರಳುಗಳನ್ನೇ ನೋಡುತ್ತಿದ್ದ.

ಹನ್ನೊಂದರ ಸುಮಾರಿಗೆ ಗಾಡಿಗಳು ಒಂದರ ಹಿಂದೆ ಒಂದು ನಿಂತವು. ಇನ್ನೂರ ಹನ್ನೆರಡನೆಯ ಲಾಟಿಗೆ ನಬಿಸಾಬ “ಹಸಿ!” ಎಂದು ಕೂಗಿದ. ಗಂಗಾ ಹಸಿ ಆರಿಸಿ ಒತ್ತಿದಳು. ಇನ್ನೂರ ಹದಿಮೂರು, ನಬಿಸಾಬ ಚೀಲ ತಟ್ಟಿ ಮುಂದೆ ಹೋದ. ಗಂಗಾ ಷರಾ ಮುಟ್ಟಲಿಲ್ಲ, ಹಾಗೆಯೇ ಎಂಟರ್ ಒತ್ತಿದಳು. ಹೇಮಪ್ಪ ತೊಡೆಯ ಮೇಲೆ ಕಣ್ಣು ಹಾಯಿಸಿದ. ಬಂದ ಮಾಹಿತಿಯಲ್ಲಿ ಷರಾ ಖಾಲಿ. ಇಟ್ಟ ದಾಖಲೆಯಲ್ಲಿ ಷರಾ, ಹಸಿ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಮೊದಲು ತನ್ನ ಕಣ್ಣಿನ ಮೇಲೆ ಸಂಶಯ ಬಂತು. ಆಮೇಲೆ ಗಂಗಾಳೇ ಏನೋ ತಂತ್ರ ಮಾಡಿದ್ದಾಳೆಂದು ಸಂಶಯ ಬಂತು, ಕೀಬೋರ್ಡಿನ ಕೆಳಗೆ ಬಗ್ಗಿಯೂ ನೋಡಿದ. ಅಲ್ಲಿ ಎರಡು ಮೆಣಸಿನ ತೊಟ್ಟು ಬಿದ್ದಿದ್ದವು. ಬೇರೆ ಯಾರ ಮೇಲೆ ಸಂಶಯಪಡಲಿ ಎಂದು ಹುಡುಕಿ, ಯಾರೂ ಉಳಿಯದೆ, ಕಟ್ಟಕಡೆಗೆ ತನ್ನ ಪ್ರೋಗ್ರಾಂ ತೆಗೆದ.

ಹತ್ತು ನಿಮಿಷದಲ್ಲಿ ಸಿಕ್ಕಿತು. ಒಂದೊಂದು ಲಾಟು ಬಂದಾಗಲೂ ಅದನ್ನಿಡಲು ಸರ್ವರಿಗೆ ಸ್ವಲ್ಪ ಮೆಮೊರಿ ಬೇಕು. ಇಂಥ ಪ್ರೋಗ್ರಾಮುಗಳಲ್ಲಿ ಅದಕ್ಕೆ ಪೂಲ್ ಎಂಬ ರಾಶಿ ಇರುತ್ತದೆ. ಅದರಿಂದ ಒಂದು ತುಣುಕು ಎತ್ತಿಕೊಳ್ಳುವುದು, ಕೆಲಸವಾದ ಮೇಲೆ ಎಲ್ಲವನ್ನೂ ಒಟ್ಟಿಗೇ ರಾಶಿಗೆ ಬಿಡುವುದು, ಮುಂದಿನ ಲಾಟಿಗೆ ಅದೇ ತುಣುಕು ಮತ್ತೆ ಬರುವುದು. ಹಮಾಲರ ಹತ್ತಿರ ಹಳೆಯ ಗೋಣಿಚೀಲದ ರಾಶಿ ಇರುತ್ತದಲ್ಲ, ಹಾಗೆ. ರಾಶಿಯಿಂದ ಎತ್ತಿಕೊಡಲು ಎರಡು ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ಇವೆ. ಪಿ-ಅಲಾಕ್ ಎಂಬುದು ಚೀಲವನ್ನು ಇದ್ದ ಹಾಗೆಯೇ ಕೊಡುತ್ತದೆ, ಒಳಗೆ ಹಿಂದಿನವರ ಕಾಯಿ ಉಳಿದಿದ್ದರೆ ಅದಕ್ಕೆ ಸಂಬಂಧವಿಲ್ಲ. ಪಿ-ಕ್ಯಾಲಾಕ್ ಎಂಬುದು ಚೀಲವನ್ನು ತಿರುವಿ ಝಾಡಿಸಿ, ಎಲ್ಲ ಸೊನ್ನೆ ಮಾಡಿ ಕೊಡುತ್ತದೆ. ಝಾಡಿಸಲು ಒಂದಿಷ್ಟು ಹೊತ್ತು ಹೆಚ್ಚು, ಅಷ್ಟೇ.

ಹೇಮಪ್ಪ ಮೊದಲನೆಯದನ್ನು ಬಳಸಿದ್ದ. ಪಕ್ಕದಲ್ಲಿ ಆರು ವರ್ಷದ ಹಿಂದೆ ತಾನೇ ಬರೆದಿಟ್ಟ ಟಿಪ್ಪಣಿ: ‘ಎಲ್ಲಾ ಖಾನೆ ತುಂಬಿಕೊಂಡೇ ಬರುತ್ತವೆ. ಸೊನ್ನೆ ಮಾಡುವ ಅಗತ್ಯವಿಲ್ಲ.’

ರಾಣೆಬೆನ್ನೂರಿನಲ್ಲಿ ಅದು ಖರೆ. ಬೀಜದ ಕಂಪನಿಯವರು ಒಳ್ಳೆಯ ಲಾಟಿಗೂ ‘ಪಾಸ್’ ಎಂದು ಬರೆಯದೆ ಬಿಡುತ್ತಿರಲಿಲ್ಲ. ಹಳೆಯದು ಉಳಿದಿದ್ದರೂ ಅದರ ಮೇಲೆ ಹೊಸದು ಕೂರುತ್ತಿತ್ತು. ಬ್ಯಾಡಗಿಯಲ್ಲಿ ಒಳ್ಳೆಯ ಮಾಲಿಗೆ ಬಾಯಿ ಬಿಡುವುದಿಲ್ಲ. ಖಾನೆ ಖಾಲಿ ಬರುತ್ತದೆ. ಖಾಲಿ ಬಂದ ಖಾನೆಯನ್ನು ಪ್ರೋಗ್ರಾಂ ಮುಟ್ಟುವುದಿಲ್ಲ, ಅಲ್ಲಿ ಹಿಂದಿನ ಲಾಟಿನ ಹಸಿ ಹಾಗೆಯೇ ಕುಳಿತಿರುತ್ತದೆ. ಗಾಡಿಗಳ ನಡುವೆ ಬಿಡುವಿದ್ದರೆ ಬೇರೆ ಕೆಲಸ ಬಂದು ಅದು ಅಳಿಸಿಹೋಗುತ್ತಿತ್ತು. ಒಂದರ ಹಿಂದೆ ಒಂದು ಬಂದ ದಿನ ಮಾತ್ರ ಉಳಿಯುತ್ತಿತ್ತು. ಪೇಟೆಯ ಅತಿ ಒಳ್ಳೆಯ ಮಾಲಿಗೇ ನೀರು ಹೊಡೆದ ಅಪವಾದ ಬಂದದ್ದು ಹೀಗೆ.

ಮೊದಲು ಬರೆದಾಗ ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದ. ಆದರೆ ಓಡುತ್ತಿದ್ದ ಕಂಪ್ಯೂಟರಿನ ಮೇಲೆ ನಂಬಿಕೆ ಇಲ್ಲದೆ ಪ್ರತಿ ಪರೀಕ್ಷೆಗೂ ಮೊದಲು ಬಂದ್ ಮಾಡಿ ಹೊಸದಾಗಿ ಶುರು ಮಾಡುತ್ತಿದ್ದ. ಹೊಸದಾಗಿ ಶುರುವಾದ ಸರ್ವರಿಗೆ ಹೊಸ ಚೀಲವೇ ಸಿಗುತ್ತದೆ, ಒಳಗೆ ಏನೂ ಇರುವುದಿಲ್ಲ. ಅವನ ಸಂಶಯವೇ ಅವನ ತಪ್ಪನ್ನು ಮುಚ್ಚಿಟ್ಟಿತ್ತು.

“ಏನಾತ್ರಿ ಸರ್ರ, ಕೆಟ್ಟೈತೇನ?” ಎಂದು ಗಂಗಾ ತಿರುಗಿ ಕೇಳಿದಳು.

“ಇಲ್ಲವ್ವಾ,” ಎಂದ ಹೇಮಪ್ಪ. ಆ ಇಲ್ಲ ಯಾಕೆ ಬಾಯಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ತಿಳಿಯಲಿಲ್ಲ ಎಂದರೆ ಸುಳ್ಳು. ಮಂಗಳವಾರ, ಬುಧವಾರ ತನ್ನ ಮಾಳಿಗೆ ಕೋಣೆಯಲ್ಲಿ ಕುಳಿತು ಅದನ್ನೇ ಯೋಚಿಸಿದ. ಒಂದೇ ಫಂಕ್ಷನ್ನಿನ ಹೆಸರು ಬದಲಿಸಬೇಕು, ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಹೆಚ್ಚು. ಯಾರಿಗೂ ಹೇಳದೆ ಬದಲಿಸಿದರೆ ಮುಂದೆ ಒಂದೂ ತಪ್ಪು ಬರುವುದಿಲ್ಲ. ಗುರುವಾರ ಗಂಗಾ ಹೋಗುತ್ತಾಳೆ, ಶುಕ್ರವಾರದಿಂದ ಎಲ್ಲ ಸರಿಯಾಗುತ್ತದೆ. ನೋಡಿದಿರಾ, ಆಕೆ ಹೋದಮೇಲೆ ನಿಂತಿತು ಎನ್ನುತ್ತಾರೆ. ಗುತ್ತಲದಲ್ಲಿ ಆ ಹುಡುಗಿ ಸಾಯುವ ತನಕ ಆ ಮಾತು ಹೊತ್ತು ತಿರುಗಬೇಕು. ಅತ್ತ ಹೇಮಪ್ಪನ ಹೆಸರು ಉಳಿಯುತ್ತದೆ. ಕಸುಬಿನಲ್ಲಿ ಅವನಿಗೆ ಇದ್ದದ್ದು ಆ ಹೆಸರೊಂದೇ. ಅವನಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು, ಹೆದರಿಕೆಯೇ ತುಸು ಹೆಚ್ಚು.

ಬುಧವಾರ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದ. ನಾಗರತ್ನಾ ರೊಟ್ಟಿ ಹಾಕುತ್ತಿದ್ದವಳು ಕೈ ತಡೆದಳು.

“ನನ್ನ ಮ್ಯಾಲ ಇಪ್ಪತ್ತೈದು ವರ್ಷ ಸಂಶಯ ಮಾಡೀರಿ, ನಾ ಸುಮ್ನಿದ್ದೆ. ಯಾಕಂದ್ರ ಖರೇ ಗೊತ್ತಾದಮ್ಯಾಲ ಹೌದು ಅಂತ ಒಪ್ಪತಿದ್ರಿ,” ಎಂದಳು. “ಈಗ ಗೊತ್ತಾಗೇತಲ್ಲ?”

ಗುರುವಾರ ಆಫೀಸಿನಲ್ಲಿ ಎಲ್ಲರೂ ಸೇರಿದ್ದರು. ಪ್ರೇಮಕುಮಾರ ಮೇಜಿನ ಮೇಲೆ ಹೇಮಪ್ಪ ಕೊಟ್ಟಿದ್ದ ಕಾಗದ ಇಟ್ಟುಕೊಂಡಿದ್ದ. ಗಂಗಾಳಿಗೆ ಆಗಲೇ ವಿಷಯ ತಿಳಿಸಿದ್ದರು. ಓಢಣಿ ಮುಖದಿಂದ ಇಳಿದಿತ್ತು. ಅಳುತ್ತಿರಲಿಲ್ಲ, ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು.

“ತಪ್ಪು ಆಕೀದಲ್ಲ,” ಎಂದ ಹೇಮಪ್ಪ. “ನಂದು. ಆ ಕಾಗದ ಹರೀರಿ.”

ಉಡಚಪ್ಪ ನಕ್ಕ, ಕೆಟ್ಟ ನಗು. “ಸೋಮವಾರ ದಿನಪೂರ್ತಿ ಆಕೀ ಬಾಜೂಕ ಕುಂತಿದ್ರಂತ. ಅವರಪ್ಪ ಬಂದು ಕೈಕಾಲು ಬಿದ್ದನೇನು?”

“ಹೇಮಪ್ಪನವರ,” ಎಂದ ಪ್ರೇಮಕುಮಾರ, “ದೋಷ ಇಲ್ಲ ಅಂತ ಸಹಿ ಮಾಡಿದವರೂ ನೀವ. ಈಗ ಐತಿ ಅನ್ನವರೂ ನೀವ. ನಾ ಯಾವ ಹೇಮಪ್ಪನ್ನ ನಂಬ್ಲಿ?”

ಜೀವಮಾನವಿಡೀ ತಾನು ಬೇರೆಯವರನ್ನು ನೋಡಿದ ಸಂಶಯದ ಕಣ್ಣಿನಿಂದಲೇ ಈಗ ಅವರೆಲ್ಲ ಅವನನ್ನು ನೋಡುತ್ತಿದ್ದರು.

“ನನ್ನ ನಂಬಬ್ಯಾಡ್ರಿ,” ಎಂದ. “ಉಡಚಪ್ಪಣ್ಣ, ನೀವ ಬಂದು ಹೊಡೀರಿ.”

ಉಡಚಪ್ಪನನ್ನು ಗಂಗಾಳ ಕುರ್ಚಿಯಲ್ಲಿ ಕೂರಿಸಿದರು. ಅವನು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದ. ಹೇಮಪ್ಪ ಹೇಳಿದಂತೆ ಮೊದಲು ಸುಳ್ಳೇ ಒಂದು ಲಾಟು, ಷರಾ ಹಸಿ. ಎರಡನೆಯದು ತನ್ನದೇ ಹೆಸರು, ಷರಾ ಖಾಲಿ. “ಖಾಲಿ ಬಿಟ್ಟೇನಿ, ಎಲ್ಲಾರೂ ನೋಡ್ರಿ ಮತ್ತ,” ಎಂದು ಎರಡು ಸಲ ಹೇಳಿ ಎಂಟರ್ ಒತ್ತಿದ. ಯಾರನ್ನೂ ಕಳಿಸದೆ ತಾನೇ ಒಳಗಿನ ಗೇಟಿಗೆ ನಡೆದುಹೋಗಿ ಚೀಟಿ ಹರಿದು ತಂದ. ಬರುವಾಗ ಅವನ ನಡಿಗೆ ನಿಧಾನವಾಗಿತ್ತು.

ನಬಿಸಾಬ ಚೀಟಿಯನ್ನು ಇಣುಕಿ ನೋಡಿದ. “ಉಡಚಪ್ಪಣ್ಣ, ಈಗರ ಹೇಳು,” ಎಂದ. “ನಿನ್ನ ಮಾಲಿಗೆ ನೀನ ಹಸಿ ಅಂತ ಯಾಕ ಹೊಡಕೊಂಡಿ?”

ಯಾರೋ ನಕ್ಕರು. ಉಡಚಪ್ಪ ನಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಗಂಗಾಳ ಕಡೆ ನೋಡಿದ. “ತಪ್ಪಾತ ಮಗಳ,” ಎಂದ. “ಬದುವಿನ ಮಾತು ಬ್ಯಾರೆ. ಇದು ಬ್ಯಾರೆ.”

ಹೇಮಪ್ಪ ಅವರೆದುರಿಗೇ ಆ ಒಂದು ಹೆಸರು ಬದಲಿಸಿ ಸರ್ವರ್ ಮತ್ತೆ ಓಡಿಸಿದ. ಉಡಚಪ್ಪನ ಕೈಯಿಂದ ಅದೇ ಎರಡು ಲಾಟು ಐದು ಸಲ ಹೊಡೆಸಿದ. ಐದೂ ಸಲ ಎರಡನೆಯ ಚೀಟಿಯ ಷರಾ ಖಾಲಿಯೇ ಬಂತು. ಪ್ರೇಮಕುಮಾರ ಕಾಗದ ಹರಿದು ಬುಟ್ಟಿಗೆ ಹಾಕಿ, ಹಲಗೆ ಒರೆಸಲು ನಬಿಸಾಬನಿಗೆ ಹೇಳಿದ.

ಎಲ್ಲರೂ ಎದ್ದ ಮೇಲೆ ಹೇಮಪ್ಪ ಕಿಟಕಿಯ ಹತ್ತಿರ ಹೋದ. ಹೇಗೆ ಶುರು ಮಾಡಬೇಕೆಂದು ತಿಳಿಯದೆ, “ಸಂಶಯ ಮಾಡೋದು ನನ್ನ ಹಳೇ ಚಟವ್ವಾ, ಮನಸಿಗೆ ಹಚಗೋಬ್ಯಾಡ,” ಎಂದ.

ಗಂಗಾ ಓಢಣಿಯನ್ನು ಮತ್ತೆ ಮೂಗಿನ ಮೇಲೆ ಕಟ್ಟಿಕೊಳ್ಳುತ್ತಿದ್ದಳು. “ನನ್ನ ಮ್ಯಾಲ ಮಾಡಿದ್ದಕ್ಕ ನನಗ ಸಿಟ್ಟಿಲ್ರಿ ಸರ್ರ,” ಎಂದಳು. “ಎಲ್ಲಾರ ಮ್ಯಾಲೂ ಮಾಡ್ತೀರಂತ. ನಿಮ್ಮ ಮ್ಯಾಲ ಯಾಕ ಮಾಡ್ಕೊಳ್ಳಿಲ್ಲ?”

ಹೇಮಪ್ಪ ಲ್ಯಾಪ್‌ಟಾಪ್ ಮಡಿಚಿ ಕಂಕುಳಲ್ಲಿಟ್ಟು ಹೊರಟ.

ಗಂಗಾ ಕೆಲಸ ಬಿಡಲಿಲ್ಲ. ಈಗ ಅವಳ ಮೇಜಿನ ಮೇಲೆ ಒಂದು ಉದ್ದ ರಿಜಿಸ್ಟರು ಬಂದಿದೆ. ಪ್ರತಿ ಚೀಟಿಯ ನಕಲನ್ನು ಒಳಗಿನ ಗೇಟಿನಿಂದ ತರಿಸಿ, ತಾನು ಒತ್ತಿದ್ದರ ಜೊತೆ ತಾಳೆ ನೋಡಿ, ಮುಂದಿನ ಲಾಟು ಹೊಡೆಯುತ್ತಾಳೆ. ಗಾಡಿಯವರು ತಡವಾಯಿತೆಂದು ಗೊಣಗುತ್ತಾರೆ. ಒಂದೂವರೆ ವರ್ಷವಾಯಿತು, ಒಂದೂ ತಪ್ಪಿಲ್ಲ. ಆದರೂ ಬಿಟ್ಟಿಲ್ಲ.

ತಿಂಗಳಿಗೊಮ್ಮೆ ಹೇಮಪ್ಪ ಸರ್ವರ್ ನೋಡಲು ಬರುತ್ತಾನೆ. ಕೆಲಸ ಮುಗಿಸಿ ಹೊರಟರೆ ಗಂಗಾ ಬಾಗಿಲಿಗೆ ಅಡ್ಡ ನಿಂತು ರಿಜಿಸ್ಟರು ಮುಂದೆ ಹಿಡಿಯುತ್ತಾಳೆ.

“ಏನೇನ ತಿದ್ದೀರಿ ಇವತ್ತ, ಬರೀರಿ.”

ಹೇಮಪ್ಪ ಬರೆಯುತ್ತಾನೆ. ಅವಳು ಓದುತ್ತಾಳೆ. ಒಮ್ಮೆ ಓದಿ ಮುಗಿಸಿ, ಬೆರಳಿಟ್ಟು ಮತ್ತೆ ಮೊದಲಿನಿಂದ ಓದುತ್ತಾಳೆ. ಅಲ್ಲಿಯ ತನಕ ಅವನು ಚಪ್ಪಲಿ ಮೆಟ್ಟದೆ ನಿಂತಿರುತ್ತಾನೆ.